ಕ್ಷೌರಿಕನ ಎಡಗೆನ್ನೆ

ಬೇರೆಯವರ ಕೆನ್ನೆ ಮುಟ್ಟಿ ಹೊಟ್ಟೆ ಹೊರೆಯುವವನು ನಾನು. ಅಂಥವನ ಕೆನ್ನೆಯನ್ನು ಯಾರೂ ಮುಟ್ಟುವ ಹಾಗಿಲ್ಲ, ಸ್ವತಃ ಅವನೂ ಮುಟ್ಟಿಕೊಳ್ಳುವ ಹಾಗಿಲ್ಲ ಅನ್ನುವ ಗತಿ ಬಂದರೆ ನಗಬೇಕೋ ಅಳಬೇಕೋ ನೀವೇ ಹೇಳಿ. ಪಕ್ಕದಂಗಡಿಯ ಟೈಲರ್ ಅಂತೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಬಲಗಡೆ ನುಣ್ಣಗೆ ಬೋಳಿಸಿ, ಎಡಗಡೆ ಪೊದೆಯಂಥ ಗಡ್ಡ ಬಿಟ್ಟುಕೊಂಡು ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದರೆ, ಹೊಲಿಗೆ ಮಿಷನ್ ನಿಲ್ಲಿಸಿ ಕೂಗಿದ: "ಏನಯ್ಯಾ, ಸ್ಯಾಂಪಲ್ಲಾ? ಇದು ಮುಂಚೆ, ಇದು ಆಮೇಲೆ ಅಂತ ಗಿರಾಕಿಗಳಿಗೆ ತೋರಿಸೋಕಾ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಮೊದಲಾಗಿದ್ದರೆ ಅವನ ಅಂಗಿಯ ತೋಳಿನಿಂದ ಹಿಡಿದು ಅವನ ಮಾವನ ಮನೆಯವರೆಗೂ ಎಲ್ಲವನ್ನೂ ಮಾತಿನಲ್ಲೇ ಎಳೆದಾಡಿಬಿಡುತ್ತಿದ್ದೆ. ಆದರೆ ಬಾಯಿ ತೆರೆದರೆ ನೋವು ಎರಗುತ್ತಿತ್ತು. ಅಂಗೈ ಎತ್ತಿ ತೋರಿಸಿ ಒಳಗೆ ಹೋದೆ.

ನೋವು ಮೊದಲು ಬಂದ ದಿನ ನಾನು ಬೈದದ್ದು ಎಲೆಕ್ಟ್ರಿಷಿಯನ್‌ನನ್ನು. ಅಂಗಡಿ ತೆರೆಯುವ ಮುಂಚೆ ನನ್ನ ಗಡ್ಡ ನಾನೇ ಮಾಡಿಕೊಳ್ಳುವುದು ರೂಢಿ. ಕನ್ನಡಿಯ ಮೇಲಿನ ದೀಪ ಹಾಕಿ, ಎಡಗಡೆ ಮೇಲ್ತುಟಿಯ ಹತ್ತಿರ ಬ್ಲೇಡು ಇಟ್ಟೆ ಅಷ್ಟೆ. ಮೂಗಿನ ಪಕ್ಕದಿಂದ ದವಡೆಯವರೆಗೆ ಕರೆಂಟು ಹೊಡೆಯಿತು. ಬ್ಲೇಡು ಕೈಯಿಂದ ಹಾರಿ ಬೇಸಿನ್ನಿಗೆ ಬಿತ್ತು. ದೀಪದ ವೈರೇ ಎಲ್ಲೋ ಹರಿದಿದೆ, ನೀರು ತಾಗಿ ಶಾಕ್ ಹೊಡೆಯಿತು ಅಂದುಕೊಂಡು ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಕಳಪೆ ಕೆಲಸ ಮಾಡಿದ್ದೀಯ ಅಂತ ವಾಚಾಮಗೋಚರ ಬೈದೆ. ಪಾಪ, ಅವನು ಗೋಡೆಯ ವೈರನ್ನೆಲ್ಲ ಬಿಚ್ಚಿ ನೋಡಿ, "ಅಣ್ಣಾ, ಇಲ್ಲೇನೂ ಇಲ್ಲ, ಎಲ್ಲಾ ಸರಿಯಾಗಿದೆ" ಅಂದ. ಅವನ ಮಾತು ಮುಗಿಯುವ ಮೊದಲೇ ಮತ್ತೊಂದು ಶಾಕ್ ಬಂತು. ಆಗ ನಾನು ಅಂಗಡಿಯ ಮಧ್ಯದಲ್ಲಿ, ಯಾವ ವೈರೂ ತಾಗದಷ್ಟು ದೂರ ನಿಂತಿದ್ದೆ.

ಆಮೇಲೆ ಹಲ್ಲಿನ ಸರದಿ. ಹಲ್ಲಿನ ಡಾಕ್ಟರು ಒಂದು ದವಡೆ ಹಲ್ಲು ಕಿತ್ತರು. ನೋವು ಹಾಗೇ ಇತ್ತು. ಪಕ್ಕದ್ದನ್ನೂ ಕೀಳಿ ಅಂತ ನಾನೇ ಹಟ ಹಿಡಿದೆ. ಅವರು ಬೇಡ ಬೇಡ ಅಂದರು, ನಾನು ಬಿಡಲಿಲ್ಲ. ಎರಡು ಗಟ್ಟಿಮುಟ್ಟು ಹಲ್ಲು ಕಸದ ಬುಟ್ಟಿಗೆ ಹೋದ ಮೇಲೆ ಅವರು ಕೈಗವಸು ಬಿಚ್ಚುತ್ತಾ, "ಇದು ಹಲ್ಲಿಂದಲ್ಲಪ್ಪ, ಮುಖದ ನರದ್ದು. ನರದ ಡಾಕ್ಟರ ಹತ್ರ ಹೋಗು" ಅಂದರು.

ನರದ ಡಾಕ್ಟರು ಸ್ಕ್ಯಾನ್ ಮಾಡಿಸಿ ವಿವರಿಸಿದರು. ತಲೆಯೊಳಗೆ ಒಂದು ರಕ್ತನಾಳ ಮುಖದ ನರದ ಮೇಲೆ ಒರಗಿ ಕೂತಿದೆ, ಬಡಿದು ಬಡಿದು ನರದ ಮೇಲಿನ ಹೊದಿಕೆ ಸವೆದಿದೆ. ಅದಕ್ಕೇ ಗಾಳಿ ತಾಗಿದರೂ, ಊಟ ಅಗಿದರೂ, ಮಾತಾಡಿದರೂ ನೋವು. ಗುಳಿಗೆ ಕೊಟ್ಟರು. ಗುಳಿಗೆ ಒಳ್ಳೆಯದೇ, ಆದರೆ ಪೂರ್ತಿ ತೆಗೆದುಕೊಂಡರೆ ತಲೆ ತಿರುಗಿ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಬ್ಲೇಡು ಹಿಡಿದು ಇನ್ನೊಬ್ಬರ ಕುತ್ತಿಗೆ ಮುಂದೆ ನಿಲ್ಲುವುದಕ್ಕಾಗುತ್ತದೆಯೇ? ಕೈ ಬೇಕಾ, ಬಾಯಿ ಬೇಕಾ ಅನ್ನುವ ಹಾಗಾಯಿತು. ಅನ್ನ ಕೊಡುವುದು ಕೈ. ಹಗಲಿಗೆ ಅರ್ಧ ಗುಳಿಗೆ ಸಾಕು ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಕೈ ಉಳಿಯಿತು, ಬಾಯಿ ಹೋಯಿತು.

ಬಾಯಿ ಹೋಗುವುದು ಅಂದರೆ ಏನು ಅಂತ ನನ್ನ ವೃತ್ತಿಯವರಿಗೆ ಗೊತ್ತು. ಗಿರಾಕಿ ಬರುವುದು ಬರೀ ಕೂದಲಿಗಲ್ಲ. ಯಾರ ಮಗಳು ಯಾರ ಜೊತೆ ಓಡಿಹೋದಳು, ಯಾರ ಮನೆ ಮಾರಾಟಕ್ಕಿದೆ, ಯಾವ ಆಫೀಸಿನಲ್ಲಿ ಯಾರಿಗೆ ಯಾರನ್ನು ಕಂಡರಾಗುವುದಿಲ್ಲ, ಎಲ್ಲ ನನ್ನ ಕುರ್ಚಿಯಲ್ಲೇ ತೀರ್ಮಾನ ಆಗುವುದು. ನನಗೆ 'ಪೇಪರ್' ಅಂತಲೇ ಅಡ್ಡಹೆಸರು. ಅಂಥ ಪೇಪರು ಈಗ 'ಚಿಕ್ಕದಾ?', 'ಮೀಸೆ?', 'ಆಯ್ತು' ಇಷ್ಟಕ್ಕೆ ಇಳಿಯಿತು. ಫ್ಯಾನ್ ಗಾಳಿ ಕೆನ್ನೆಗೆ ತಾಗಿದರೆ ಜೀವ ಹೋಗುವುದು ಅಂತ ಅದನ್ನೂ ಆರಿಸಿಟ್ಟೆ. ಬೇಸಿಗೆಯಲ್ಲಿ ಬೆವರಿಳಿಸಿಕೊಂಡು ಕೂತವರು, "ಮಾತೂ ಇಲ್ಲ, ಗಾಳಿಯೂ ಇಲ್ಲ, ಇದೇನು ಅಂಗಡಿನಾ ಗುಹೆನಾ" ಅಂತ ಗೊಣಗುತ್ತಾ ಹೋಗುತ್ತಿದ್ದರು.

ಆದರೂ ಗಿರಾಕಿಗಳಿಗೆ ಆ ಮೂರು ಮಾತನ್ನಾದರೂ ಕೊಡಲೇಬೇಕಿತ್ತು. ಪ್ರತಿ ಮಾತಿಗೂ ಒಂದು ಹೊಡೆತ ತಿನ್ನುತ್ತಾ ಸಂಜೆವರೆಗೆ ತಳ್ಳುತ್ತಿದ್ದೆ. ಮನೆಗೆ ಉಳಿಯುತ್ತಿದ್ದ ಮಾತು ಸೊನ್ನೆ.

ಇಲ್ಲಿ ನನ್ನ ಹೆಂಡತಿಯ ವಿಷಯ ಹೇಳಬೇಕು. ನಾನು ಅವಳನ್ನು ಕರೆಯುತ್ತಿದ್ದದ್ದು 'ಶ್ರೋತೃಗಳೇ' ಅಂತ. ಮದುವೆಯಾದ ಹೊಸತರಲ್ಲಿ ಶುರುವಾದ ತಮಾಷೆ. ಸಂಜೆ ಮನೆಗೆ ಬಂದು, ಅವಳು ತರಕಾರಿ ಹೆಚ್ಚುತ್ತಾ ಕೂತಿದ್ದರೆ, ಗಂಟಲು ಸರಿಮಾಡಿಕೊಂಡು, "ಶ್ರೋತೃಗಳೇ, ಈಗ ಅಂಗಡಿ ವಾರ್ತೆ" ಅನ್ನುತ್ತಿದ್ದೆ. ಆಮೇಲೆ ದಿನವಿಡೀ ನೋಡಿದ್ದು, ಕೇಳಿದ್ದು, ಅದಕ್ಕೊಂದಿಷ್ಟು ನಾನೇ ಸೇರಿಸಿದ ಉಪ್ಪುಖಾರ. ಅವಳ ನಗು ಅಂದರೆ ಸಣ್ಣಪುಟ್ಟ ನಗುವಲ್ಲ. ಚಾಕು ಕೆಳಗಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಯ್ಯೋ ಸಾಕು ಬಿಡ್ರೀ, ಪಕ್ಕೆ ನೋಯುತ್ತೆ" ಅನ್ನುವವರೆಗೂ ನಗುತ್ತಿದ್ದಳು. ಮೇಲಿನ ಮನೆಯವರು ನೆಲ ಗುದ್ದಿದ್ದೂ ಉಂಟು. ಒಬ್ಬ ಗಂಡಸು ತನ್ನ ಸಂಸಾರದಲ್ಲಿ ಏನು ಸಾಧಿಸಿದ ಅಂತ ಯಾರಾದರೂ ಕೇಳಿದರೆ, ನಾನು ಇದನ್ನೇ ತೋರಿಸುತ್ತಿದ್ದೆ.

ಅದು ನಿಂತುಹೋಯಿತು. ಮೊದಮೊದಲು ಅವಳೇ ಮಾತಾಡುತ್ತಿದ್ದಳು. ಆದರೆ ಅವಳು ಮಾತಾಡಿದರೆ ನನಗೆ ಉತ್ತರ ಕೊಡುವ ಚಪಲ, ಉತ್ತರ ಕೊಟ್ಟರೆ ಕೆನ್ನೆಗೆ ಹೊಡೆತ. ಅದಕ್ಕೇ ಅಂಗೈ ಎತ್ತುತ್ತಿದ್ದೆ. ಎತ್ತಿದ ಅಂಗೈ ಅಂದರೆ 'ಸಾಕು, ಈಗ ಬೇಡ'. ಅವಳು ತಕ್ಷಣ ಸುಮ್ಮನಾಗುತ್ತಿದ್ದಳು. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಮುಂದಿಡುತ್ತಿದ್ದಳು, ನನ್ನ ದಿಂಬಿಗೆ ಮೆತ್ತನೆಯ ಬಟ್ಟೆ ಸುತ್ತುತ್ತಿದ್ದಳು, ಕಿಟಕಿಯ ಸಂದಿಗೆ ಕಾಗದ ತುರುಕುತ್ತಿದ್ದಳು. ಕ್ರಮೇಣ ಮನೆಯಲ್ಲಿ ಎಲ್ಲವೂ ಕೈಸನ್ನೆಯಾಯಿತು.

ನಾನು ಅವಳಿಗಾಗಿ ಕತೆಗಳನ್ನು ಮಾತ್ರ ಕೂಡಿಡುತ್ತಾ ಹೋದೆ. ಅಂಗಡಿಯಲ್ಲಿ ಏನಾದರೂ ತಮಾಷೆ ನಡೆದರೆ, ಇದನ್ನು ಹೀಗೆ ಶುರುಮಾಡಬೇಕು, ಇಲ್ಲಿ ಸ್ವಲ್ಪ ಎಳೆಯಬೇಕು, ಇಲ್ಲಿ ಅವಳು ಚಾಕು ಕೆಳಗಿಡುತ್ತಾಳೆ ಅಂತ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಒಂದಲ್ಲ ಒಂದು ದಿನ ಬಾಯಿ ವಾಪಸ್ ಬರುತ್ತದೆ, ಆ ದಿನ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳುತ್ತೇನೆ. ಆ ಆಸೆಯೊಂದು ಇಲ್ಲದಿದ್ದರೆ ಆ ನೋವಿನಲ್ಲಿ ನಾನು ಏನಾದರೂ ಮಾಡಿಕೊಂಡುಬಿಡುತ್ತಿದ್ದೆನೇನೋ. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆದರೆ ವರ್ಷ ಕಳೆದ ಹಾಗೆ ಅವಳು ಬದಲಾದಳು. ಕರೆಯಲೆಂದು ನಾನು ಲೋಟಕ್ಕೆ ಚಮಚ ಬಡಿದರೆ ಮೊದಲು ಓಡಿ ಬರುತ್ತಿದ್ದವಳು ಈಗ ಬರುತ್ತಿರಲಿಲ್ಲ. ಜೋರಾಗಿ ಬಡಿದರೂ ಇಲ್ಲ. ಕುಕ್ಕರ್ ಸೀಟಿಯ ಮೇಲೆ ಸೀಟಿ ಹೊಡೆದು ತಳ ಹಿಡಿದರೂ ಅವಳು ಕಿಟಕಿಯ ಹತ್ತಿರ ಕೂತು ಬಟ್ಟೆ ಮಡಿಸುತ್ತಿದ್ದಳು. ಬೇರೆ ಊರಿನಲ್ಲಿ ನರ್ಸರಿ ಶಾಲೆಯ ಟೀಚರ್ ಆಗಿರುವ ಮಗಳು ಫೋನ್ ಮಾಡಿದರೆ, ನಾನು ಎತ್ತಿ ಅವಳಿಗೆ ಕೊಡುತ್ತಿದ್ದೆ, ಅವಳು ಎರಡು ಮಾತಾಡಿ ವಾಪಸ್ ನನ್ನ ಕೈಗೇ ಕೊಟ್ಟುಬಿಡುತ್ತಿದ್ದಳು. ಮಾತಾಡಲಾಗದವನ ಕೈಗೆ ಫೋನು! ಮಗಳು ಆ ಕಡೆಯಿಂದ, "ಅಪ್ಪಾ, ಅಮ್ಮಂಗೇನಾಗಿದೆ? ನಾನೊಂದು ಕೇಳಿದ್ರೆ ಅವಳೊಂದು ಹೇಳ್ತಾಳೆ. ನನ್ ಮೇಲೆ ಕೋಪನಾ?" ಅನ್ನುತ್ತಿದ್ದಳು. ನಾನು 'ಹ್ಞೂ' ಅಂತಲೂ ಅನ್ನಲಾಗದೆ ಫೋನ್ ಇಡುತ್ತಿದ್ದೆ.

ನನಗೆ ಅರ್ಥವಾದದ್ದು ಇಷ್ಟೆ: ಅವಳಿಗೆ ನಾನು ಸಾಕಾಗಿದ್ದೇನೆ. ಎಷ್ಟು ವರ್ಷ ಅಂತ ಒಬ್ಬಳು ಮೂಗನ ಸೇವೆ ಮಾಡಿಯಾಳು? ಕೋಪವೂ ಬಂತು, ಸಂಕಟವೂ ಆಯಿತು. ಒಂದು ಸಂಜೆ ಲೋಟವನ್ನೇ ಗೋಡೆಗೆ ಎಸೆದೆ. ಅದು ಅವಳ ಕಣ್ಣೆದುರು ಹಾದುಹೋದಾಗ ಮಾತ್ರ ಬೆಚ್ಚಿದಳು. ಬಗ್ಗಿ ಎತ್ತಿಕೊಂಡು ತೊಳೆಯಲು ಒಯ್ದಳು.

ಆಪರೇಷನ್ ಮಾಡಿಸಿಕೊಳ್ಳಲು ಧೈರ್ಯ ಬಂದದ್ದು ಅದರಿಂದಲೇ. ಕಿವಿಯ ಹಿಂದೆ ತಲೆಬುರುಡೆಗೆ ತೂತು ಮಾಡಿ, ನರಕ್ಕೂ ರಕ್ತನಾಳಕ್ಕೂ ನಡುವೆ ಒಂದು ಮೆತ್ತನೆಯ ಚೂರು ಇಡುತ್ತಾರಂತೆ. ಇಷ್ಟು ದಿನ ನರದ ಡಾಕ್ಟರು ಆ ಮಾತೆತ್ತಿದರೇ ಎದ್ದು ಬಂದುಬಿಡುತ್ತಿದ್ದೆ. ಈಗ, ಹೆಂಡತಿ ಪೂರ್ತಿ ಕೈಬಿಡುವ ಮುಂಚೆ ಬಾಯಿ ವಾಪಸ್ ಪಡೆಯಬೇಕು ಅಂತ ಅವಳನ್ನೂ ಕರೆದುಕೊಂಡು ಡಾಕ್ಟರ ಮುಂದೆ ಹೋಗಿ ಕೂತೆ.

"ಒಂದ್ ಮಾತು ಹೇಳ್ಬೇಕು" ಅಂದರು ಡಾಕ್ಟರು. "ಆ ಕಡೆ ಕಿವಿ ನರ ಅಲ್ಲೇ ಪಕ್ಕದಲ್ಲಿರುತ್ತೆ. ಅಪರೂಪಕ್ಕೆ ಆ ಕಿವಿ ಕೇಳಿಸದೇ ಹೋಗ್ಬಹುದು. ಯೋಚನೆ ಮಾಡಿ. ಏನಮ್ಮಾ, ನೀವೇನಂತೀರಾ?"

ಅವಳು ನಗುಮುಖದಿಂದ ತಲೆಯಾಡಿಸಿದಳು. ಒಂದು ಪ್ರಶ್ನೆಯಿಲ್ಲ, ಅಯ್ಯೋ ಅನ್ನಲಿಲ್ಲ. ಗಂಡನ ಕಿವಿ ಹೋದರೂ ಇವಳಿಗೆ ಅಷ್ಟೇ ಅಂತ ನನ್ನ ಹೊಟ್ಟೆ ಉರಿಯಿತು. ಕಿವಿ ಹೋದರೆ ಕ್ಷೌರಿಕನಿಗೆ ಉಳಿಯುವುದೇನು? ಕೇಳಿಸಿಕೊಂಡರೆ ತಾನೇ ಹೇಳುವುದಕ್ಕೆ?

ಆಪರೇಷನ್ ಚೆನ್ನಾಗಿ ಆಯಿತು. ಕಿವಿಯೂ ಉಳಿಯಿತು. ಎಚ್ಚರವಾದಾಗ ತಲೆ ಸಿಡಿಯುತ್ತಿತ್ತು, ವಾಂತಿ ಬರುತ್ತಿತ್ತು, ಆದರೆ ಎಡಗೆನ್ನೆ ತಣ್ಣಗಿತ್ತು. ಹೆದರುತ್ತಾ ಬೆರಳಿಟ್ಟೆ. ಏನೂ ಇಲ್ಲ. ಒತ್ತಿದೆ. ಏನೂ ಇಲ್ಲ! ನರ್ಸ್ ಬಂದು, "ಯಾಕೆ ಅಳ್ತಿದೀರಾ, ನೋವಿದೆಯಾ?" ಅಂದರೆ, "ಇಲ್ಲಮ್ಮಾ, ಇಲ್ಲ, ಇಲ್ಲ" ಅಂತ ಎಷ್ಟು ಸಲ ಅಂದೆನೋ, ಅವಳು ಗಾಬರಿಯಾಗಿ ಡಾಕ್ಟರನ್ನು ಕರೆದಳು. ಆಸ್ಪತ್ರೆಯಲ್ಲಿದ್ದಷ್ಟು ದಿನ ಮಗಳೇ ಓಡಾಡಿ, ಮಾತಾಡಿ ಎಲ್ಲ ನೋಡಿಕೊಂಡಳು. ಹೆಂಡತಿ ಮಂಚದ ಪಕ್ಕ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೂ ಹೆಚ್ಚು ಮಾತಾಡಲಿಲ್ಲ. ವಾರ್ಡಿನಲ್ಲಿ ಹತ್ತು ಜನರ ನಡುವೆ ಹೇಳಿ ಮುಗಿಸುವಂಥದ್ದಲ್ಲ ಅದು. ಮನೆಗೆ ಹೋಗಲಿ, ಆಮೇಲೆ ಇದೆ ಹಬ್ಬ ಅಂದುಕೊಂಡೆ.

ಮನೆಗೆ ಬಂದು ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಮಗಳು ಊರಿಗೆ ಹೊರಟ ದಿನ, ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತೆ. ಬಿಸಿನೀರು, ಬ್ರಷ್ಷು, ನೊರೆ. ಎಡಗೆನ್ನೆಯಿಂದಲೇ ಶುರುಮಾಡಿದೆ. ಬ್ಲೇಡು ಸರ್ರಂತ ಇಳಿಯಿತು. ಎಷ್ಟೋ ವರ್ಷದ ಮೇಲೆ ನನ್ನ ಮುಖ ಪೂರ್ತಿಯಾಗಿ ನನಗೆ ಸಿಕ್ಕಿತ್ತು. ಇದರಷ್ಟು ಚೆಂದದ ಶೇವಿಂಗ್ ನಾನು ಯಾವ ಮದುಮಗನಿಗೂ ಮಾಡಿರಲಿಲ್ಲ. ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದೆ. ಅವಳು ಆ ಕಡೆ ತಿರುಗಿ ಪಾತ್ರೆ ತೊಳೆಯುತ್ತಿದ್ದಳು. ಗಂಟಲು ಸರಿಮಾಡಿಕೊಂಡೆ.

"ಶ್ರೋತೃಗಳೇ!"

ತಿರುಗಲಿಲ್ಲ. ನಲ್ಲಿಯ ಸದ್ದಿರಬೇಕು ಅಂತ ಇನ್ನೊಂದು ಸಲ, ಬೀದಿಗೆ ಕೇಳುವ ಹಾಗೆ ಕೂಗಿದೆ. ಊಹ್ಞೂಂ. ನನ್ನ ಪಿತ್ತ ನೆತ್ತಿಗೇರಿತು.

"ಸಾಯೋ ಹಾಗಾಗಿ ಬದುಕಿ ಬಂದಿದ್ದೀನಿ, ಬಾಯಿ ಬಂದಿದೆ, ಇನ್ನೂ ಮುನಿಸಾ ನಿನಗೆ? ಏನು ಕಲ್ಲಾ ನಿನ್ ಮನಸ್ಸು? ನಾನು ಹೋಗ್ಲಿ ಅಂತಾನೇ ಕಾಯ್ತಿದ್ಯಾ?"

ಇದು ನಾನು ಬಾಯಿ ಬಂದ ಮೇಲೆ ಅವಳೊಬ್ಬಳಿಗೇ ಅಂತ ಆಡಿದ ಮೊದಲ ಮಾತು. ಅವಳು ಲೋಟವನ್ನು ಬೆಳಕಿಗೆ ಹಿಡಿದು ಕಲೆ ಹೋಯಿತಾ ಅಂತ ನೋಡಿ ಬೋರಲು ಹಾಕಿದಳು. ಆಮೇಲೆ ಕೈ ಒರೆಸಿಕೊಳ್ಳುತ್ತಾ ತಿರುಗಿದವಳು ನನ್ನನ್ನು ಕಂಡು ಬೆಚ್ಚಿಬಿದ್ದಳು. "ಅಯ್ಯೋ, ಯಾವಾಗ ಬಂದ್ರಿ? ಗಡ್ಡ ತೆಗೆದ್ರಾ! ಎಷ್ಟ್ ಚೆನ್ನಾಗಿ ಕಾಣ್ತೀರಾ" ಅಂದಳು. ಅಂದು, ನನ್ನ ಉತ್ತರಕ್ಕೆ ಕಾಯುತ್ತಾ, ನನ್ನ ಕಣ್ಣನ್ನಲ್ಲ, ತುಟಿಯನ್ನು ನೋಡಿದಳು.

ಆ ನೋಟ ನನಗೆ ಗೊತ್ತು. ಕಿವಿ ಮಂದವಾದವರು ಕುರ್ಚಿಯಲ್ಲಿ ಕೂತಾಗ ಕನ್ನಡಿಯಲ್ಲಿ ಹೀಗೇ ನನ್ನ ತುಟಿ ನೋಡುತ್ತಾರೆ. ತಮಗೆ ಕೇಳಿಸುವುದಿಲ್ಲ ಅಂತ ಅವರು ಒಪ್ಪುವುದಿಲ್ಲ. ನಾನು ಕೇಳುವುದೂ ಇಲ್ಲ. ಬೆನ್ನ ಹಿಂದೆ ನಿಂತು, ಕಿವಿಯ ಪಕ್ಕ ಗಾಳಿಯಲ್ಲಿ ಕತ್ತರಿ ಆಡಿಸುತ್ತೇನೆ. ಕೇಳಿಸುವವರ ಭುಜ ಒಂದಿಷ್ಟಾದರೂ ಮೇಲೇಳುತ್ತದೆ, ಕೇಳಿಸದವರದ್ದು ಏಳುವುದಿಲ್ಲ. ಕೇಳಿಸದವರಿಗೆ ಎದುರು ಬಂದು ನಿಧಾನವಾಗಿ ಮಾತಾಡುತ್ತೇನೆ. ಎಷ್ಟೋ ಜನರ ಹೆಂಡತಿ ಮಕ್ಕಳಿಗಿಂತ ಮುಂಚೆ ನನಗೆ ಗೊತ್ತಾಗಿದೆ ಅಂತ ಜಂಬ ಕೊಚ್ಚಿಕೊಂಡವನು ನಾನು.

ಮಧ್ಯಾಹ್ನ ಅವಳು ಕಿಟಕಿಯ ಹತ್ತಿರ ಕೂತಿದ್ದಾಗ ಕತ್ತರಿ ತೆಗೆದುಕೊಂಡು ಹಿಂದೆ ಹೋಗಿ ನಿಂತೆ. ಬಲಗಿವಿಯ ಪಕ್ಕ ಆಡಿಸಿದೆ. ಎಡಗಿವಿಯ ಪಕ್ಕ ಆಡಿಸಿದೆ. ಭುಜ ಏಳಲಿಲ್ಲ. ದೇವರೇ, ಏಳಲಿ, ಒಂದು ಕೂದಲೆಳೆಯಷ್ಟಾದರೂ ಏಳಲಿ ಅಂತ ಮತ್ತೆ ಮತ್ತೆ ಆಡಿಸಿದೆ. ನನ್ನ ನೆರಳು ಮಡಿಲಿನ ಬಟ್ಟೆಯ ಮೇಲೆ ಬಿದ್ದದ್ದನ್ನು ನೋಡಿ ಅವಳು ತಿರುಗಿದಳು.

"ಏನ್ರೀ ಇದು? ಮನೇಲೂ ಗಿರಾಕಿ ಹುಡುಕ್ತಿದೀರಾ?" ಅಂತ ನಕ್ಕವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಮಡಿಲಿನ ಬಟ್ಟೆ ಪಕ್ಕಕ್ಕಿಟ್ಟು, "ಗೊತ್ತಾಯ್ತಾ?" ಅಂದಳು.

ಅವಳ ಮುಂದೆ ನೆಲದ ಮೇಲೆ ಕೂತು, ತುಟಿ ಬಿಡಿಸಿ ಬಿಡಿಸಿ ಕೇಳಿದೆ. "ಯಾವತ್ತಿಂದ?"

"ನಿಮ್ ನೋವು ಶುರುವಾದ ಮಾರನೇ ವರ್ಷ ಇರ್ಬೇಕು. ಮೊದ್ಲು ಗುಂಯ್ ಅಂತಿತ್ತು. ಆಮೇಲೆ ಅದೂ ನಿಂತೋಯ್ತು."

"ಯಾಕೆ ಹೇಳ್ಲಿಲ್ಲ ನನಗೆ?"

ಅವಳು ನನ್ನನ್ನೇ ನೋಡಿದಳು. ನಾನು ಕೇಳಿದ್ದು ಅರ್ಥವಾಗಲಿಲ್ಲವೇನೋ ಅಂತ ಮತ್ತೆ ಕೇಳಿದೆ.

"ಹೇಳಕ್ಕೆ ಬಂದಿದ್ದೆ. ನೀವು ಆಗ ತಾನೇ ಅಂಗಡಿಯಿಂದ ಬಂದು ಕೂತಿದ್ರಿ. ರೀ, ನನ್ ಕಿವಿ ಯಾಕೋ... ಅಂದೆ. ಕೈ ಎತ್ತಿದ್ರಿ. ನೋವಿರ್ಬೇಕು ಪಾಪ ಅಂತ ಸುಮ್ಮನಾದೆ. ಇನ್ನೊಂದಿನ ಬಂದೆ, ಆಗ್ಲೂ ಎತ್ತಿದ್ರಿ. ಆಮೇಲೆ ಬಿಟ್ಟೆ. ನಿಮಗೆ ಮಾತಾಡಕ್ಕಾಗಲ್ಲ, ನನಗೆ ಕೇಳಿಸಲ್ಲ. ಮನೇಲಿ ಹೇಗೂ ನಡೀತಿತ್ತಲ್ಲ."

ದೂರುವ ದನಿಯಲ್ಲ, ಸುಮ್ಮನೆ ನಡೆದದ್ದನ್ನು ಹೇಳಿದ ಹಾಗೆ. ನಾನು ಆ ಸಂಜೆಯನ್ನು ನೆನಪಿಸಿಕೊಳ್ಳಲು ನೋಡಿದೆ. ಎಷ್ಟು ತಡಕಿದರೂ ಸಿಗಲಿಲ್ಲ. ಸಿಗುವುದಾದರೂ ಹೇಗೆ, ಅಂಥ ಸಂಜೆಗಳು ಎಷ್ಟೋ. ಇನ್ನೊಂದು ಮಾತು ಇದೆ, ಅದನ್ನು ಅವಳಿಗೆ ನಾನು ಹೇಳಿಲ್ಲ. ನಾನು ಕೈ ಎತ್ತಿದಾಗೆಲ್ಲ ನೋವು ಇರುತ್ತಿರಲಿಲ್ಲ. ಎಷ್ಟೋ ಸಲ ಬರೀ ದಣಿವಿರುತ್ತಿತ್ತು, ಬೇಸರ ಇರುತ್ತಿತ್ತು. ನೋವಿದೆ ಅಂದರೆ ಯಾರೂ ಎದುರಾಡುವುದಿಲ್ಲ ಅಂತ ನನ್ನ ಕೈ ಕಲಿತುಬಿಟ್ಟಿತ್ತು. ಆ ಸಂಜೆ ಎತ್ತಿದ್ದು ಯಾವ ಕೈ? ನೋವಿನದ್ದಾಗಿರಲಿ ಅಂತ ಈಗಲೂ ಬೇಡಿಕೊಳ್ಳುತ್ತೇನೆ.

ಕಿವಿಯ ಡಾಕ್ಟರು ಅವಳನ್ನು ಗಾಜಿನ ಕೋಣೆಯೊಳಗೆ ಕೂರಿಸಿ ಪರೀಕ್ಷೆ ಮಾಡಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಗಾಜಿನ ಈಚೆ ನಿಂತು ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಅದು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು. ಕೊನೆಕೊನೆಗೆ ಎರಡು ಸಲ ಒತ್ತಿದಳು.

"ನರಾನೇ ಸೋತಿದೆ" ಅಂದರು ಡಾಕ್ಟರು. "ಮಿಷನ್ ಹಾಕಿದ್ರೆ ಏನೋ ಸದ್ದಾಯ್ತು ಅಂತ ಗೊತ್ತಾಗುತ್ತೆ, ಮಾತು ಬಿಡಿಸಿ ಕೇಳೋದು ಕಷ್ಟ. ಶುರುವಾದಾಗ್ಲೇ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಒಂದೇ ಮನೇಲಿದ್ದು ನಿಮಗೆ ಗೊತ್ತೇ ಆಗ್ಲಿಲ್ವಾ?"

ಏನು ಹೇಳಲಿ? ಪ್ರಪಂಚಕ್ಕೆಲ್ಲ ಉತ್ತರ ಕೊಡುತ್ತಿದ್ದ ಬಾಯಿ ಇದು. ನೋವೇ ಇಲ್ಲದಿದ್ದರೂ ಅವತ್ತು ತೆರೆಯಲಿಲ್ಲ.

ಮಿಷನ್ ಹಾಕಿಸಿದ ದಿನ ಸಂಜೆ ಅವಳೇ ತರಕಾರಿ ಬುಟ್ಟಿ ತಂದು, ನನ್ನ ಎದುರು, ದೀಪ ನನ್ನ ಮುಖದ ಮೇಲೆ ಬೀಳುವ ಹಾಗೆ ಕೂತಳು. "ಹೇಳ್ರೀ" ಅಂದಳು. "ಎಷ್ಟ್ ದಿನ ಆಯ್ತು ಅಂಗಡಿ ಸುದ್ದಿ ಕೇಳಿ."

ಕೂಡಿಟ್ಟದ್ದರಲ್ಲೆಲ್ಲ ಒಳ್ಳೆಯದನ್ನು ಆರಿಸಿದೆ. ನನ್ನ ಬಾಯಿ ಕಟ್ಟಿದ್ದ ಕಾಲದಲ್ಲಿ ನಡೆದದ್ದು. ಒಬ್ಬ ದಪ್ಪ ಗುಮಾಸ್ತ ಮುಖದ ಮೇಲೆ ಬಿಸಿ ಟವೆಲ್ ಹಾಕಿಸಿಕೊಂಡು ಒರಗಿರುತ್ತಾನೆ. ಅವನನ್ನು ಹುಡುಕುತ್ತಾ ಅವನ ಹೆಂಡತಿ ಬರುತ್ತಾಳೆ. ಟವೆಲ್ ಕೆಳಗಿರುವುದು ಯಾರು ಅಂತ ತಿಳಿಯದೆ ಬೆಂಚಿನ ಮೇಲೆ ಕೂತು, ಗಂಡನ ಗೊರಕೆಯಿಂದ ಹಿಡಿದು ಜಿಪುಣತನದವರೆಗೂ ನನ್ನ ಮುಂದೆ ಬಿಚ್ಚಿಡುತ್ತಾಳೆ. ತಡೆಯೋಣ ಅಂದರೆ ನನಗೆ ಬಾಯಿಲ್ಲ. ಬೈದು ಬೈದು ಸುಸ್ತಾಗಿ ಅವಳು ಎದ್ದು ಹೋದ ಮೇಲೆ ಗುಮಾಸ್ತ ಟವೆಲ್ಲಿನ ಒಂದು ಮೂಲೆ ಎತ್ತಿ, "ಹೋದ್ಲಾ? ಇನ್ನೊಂದು ಟವೆಲ್ ಹಾಕಯ್ಯಾ, ಬೀದಿ ದಾಟ್ಲಿ" ಅನ್ನುತ್ತಾನೆ. ನಗುವುದು ಅಲ್ಲಿ.

ಶುರುಮಾಡಿದೆ. ತುಟಿ ಬಿಡಿಸಿ, ಕೈಯಾಡಿಸಿ, ಎಂದೂ ಹೇಳದಷ್ಟು ನಿಧಾನವಾಗಿ. ಗುಮಾಸ್ತನನ್ನು ಕುರ್ಚಿಯಲ್ಲಿ ಕೂರಿಸಿದೆ, ಅವನ ಹೊಟ್ಟೆಯನ್ನು ಕೈಯಲ್ಲಿ ತೋರಿಸಿದೆ, ಟವೆಲ್ಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಅವನ ಮುಖದ ಮೇಲೆ ಹೊದಿಸಿದೆ. ಅವಳು ಕಣ್ಣು ಮಿಟುಕಿಸದೆ ನನ್ನ ತುಟಿಯನ್ನೇ ನೋಡುತ್ತಿದ್ದಳು. ಒಂದು ಕ್ಷಣ ನಾನು ಉಸಿರೆಳೆದುಕೊಳ್ಳಲು ನಿಲ್ಲಿಸಿದೆ.

ಅವಳು ಚಾಕು ಕೆಳಗಿಟ್ಟು ನಕ್ಕಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಯ್ಯೋ ಸಾಕು ಬಿಡ್ರೀ, ಪಕ್ಕೆ ನೋಯುತ್ತೆ" ಅಂದಳು.

ಗುಮಾಸ್ತನ ಹೆಂಡತಿ ಇನ್ನೂ ಅಂಗಡಿಯೊಳಗೆ ಕಾಲೇ ಇಟ್ಟಿರಲಿಲ್ಲ. ನಾನೂ ಅವಳ ಜೊತೆ ಜೋರಾಗಿ ನಕ್ಕುಬಿಟ್ಟೆ.